ಮಾತಿನ ಟೀಚರ ಪೆನ್ ಡ್ರೈವ್‌ಗೆ ಜಾಡ್ಯ ಹತ್ತಿದ್ದು

ಅವಳಿಗೆ ಸ್ವಂತ ಮೇಜು ಎಂಬುದೇ ಇರಲಿಲ್ಲ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಚಿಕ್ಕ ಮಕ್ಕಳ ಶಾಲೆ, ವಾರದಲ್ಲಿ ಕೆಲವು ದಿನ ವೃದ್ಧರ ಕೇಂದ್ರ. ತೊದಲುವ ಮಕ್ಕಳಿಗೆ, ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದ ದೊಡ್ಡವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಮೂರೂ ಕಡೆ ಅವಳನ್ನು ಮಾತಿನ ಟೀಚರ್ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಅವಳು ಪುಕ್ಕಲಿ. "ನಮ್ಮ ಸೊಸೆ ಬಾಗಿಲಿಗೆ ಬೀಗ ಹಾಕಿ, ಬೀಗಕ್ಕೊಂದು ಬೀಗ ಹುಡುಕೋಳು" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಸುಳ್ಳೇನಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅವಳು ಬಸ್ ಸ್ಟಾಪಿನಿಂದ ವಾಪಸು ಓಡಿಬಂದದ್ದುಂಟು.

ಇಂಥವಳಿಗೆ ಮೈದುನ ಒಂದು ಪೆನ್ ಡ್ರೈವ್ ತಂದುಕೊಟ್ಟ. ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಅವನದು. ಕಂಪ್ಯೂಟರಿನ ವಿಷಯದಲ್ಲಿ ಮನೆಗೆಲ್ಲ ಅವನೇ ದಿಕ್ಕು.

"ಅತ್ತಿಗೆ, ಟಿಪ್ಪಣಿ ಬರೆಯೋ ತಂತ್ರಾಂಶ ಇದರೊಳಗೇ ಇದೆ. ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ತೆರ್ಕೊಳ್ಳುತ್ತೆ, ಅಲ್ಲಿ ಏನೂ ಹಾಕೋದು ಬೇಡ. ಪಾಸ್‌ವರ್ಡ್ ಇದೆ, ಬೇರೆಯವರು ಓದೋಕಾಗಲ್ಲ. ಕೆಲಸ ಮುಗಿದ ಮೇಲೆ ಕಿತ್ಕೊಂಡು ನಡೀರಿ."

ಅಲ್ಲಿಂದ ಅವಳ ಬದುಕೇ ಹಗುರವಾಯಿತು. ಯಾವ ಮಗುವಿಗೆ 'ಳ' ಬಂತು, ಯಾವ ಮಗು ಇನ್ನೂ ಕಾಳಿಗೆ ಕಾಲು ಅನ್ನುತ್ತಿದೆ, ಮಾತು ಕಳೆದುಕೊಂಡ ಬಸ್ ಡ್ರೈವರ್ ಯಾವ ಪದ ಕೇಳಿದರೆ ಕಣ್ಣರಳಿಸುತ್ತಾನೆ, ಎಲ್ಲವೂ ಕಿರುಬೆರಳಷ್ಟು ಉದ್ದದ ಆ ವಸ್ತುವಿನಲ್ಲಿ. ಆದರೆ ಭಯಕ್ಕೆ ಹೊಸ ಮನೆಯೂ ಸಿಕ್ಕಂತಾಯಿತು. ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಬಸ್ಸಿನಲ್ಲಿ ಕೂತಾಗಲೂ ಮುಟ್ಟಿ ಮುಟ್ಟಿ ನೋಡಿಕೊಳ್ಳುವಳು.

ಆಸ್ಪತ್ರೆಯಲ್ಲಿ ಒಂದು ತೊಡಕಿತ್ತು. ಹೊರಗಿನ ಪೆನ್ ಡ್ರೈವ್ ಹಾಕಬಾರದೆಂದು ಗೋಡೆಗೇ ಸೂಚನೆ ಅಂಟಿಸಿದ್ದರು. ಚೀಟಿ ಕೌಂಟರಿನ ಗುಮಾಸ್ತೆ ಅವಳ ಪಾಡು ನೋಡಲಾರದೆ, "ಬೇಗ ಬರ್ಕೊಂಡು ಬಿಡಿ ಟೀಚರ್, ನಾನು ನೋಡೇ ಇಲ್ಲ" ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದಳು.

ಹೀಗೇ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಅವಳು ಶಾಲೆಯ ಆಫೀಸಿನಲ್ಲಿ ಪೆನ್ ಡ್ರೈವ್ ಚುಚ್ಚಿದಳು. ಫೋಲ್ಡರುಗಳೇನೋ ಕಂಡವು, ಆದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣದ ಗುರುತು. ಒತ್ತಿದರೆ ಏನೂ ತೆರೆಯಲಿಲ್ಲ. ಶಾಲೆಯ ಕ್ಲರ್ಕ್ ಬಗ್ಗಿ ನೋಡಿದ.

"ಅಯ್ಯೋ, ವೈರಸ್ಸು ಮೇಡಂ! ಕೀಳಿ, ಕೀಳಿ. ಬರೋ ಮುಂಚೆ ಎಲ್ಲಿಗೆ ಹಾಕಿದ್ರಿ?"

ಅವಳು ತಕ್ಷಣ ಕಿತ್ತಳು. ಬೆಳಿಗ್ಗೆ ತಾನೇ ಆಸ್ಪತ್ರೆಯಲ್ಲಿ ಹಾಕಿದ್ದಳು.

ಆ ದಿನದ ಪಾಠ ಪಾಠವಾಗಲಿಲ್ಲ. ಎದುರಿಗೆ ಕೂತ ಹುಡುಗಿಗೆ ಹಿಂದಿನ ವಾರ ಯಾವ ಪದದವರೆಗೆ ಬಂದಿತ್ತೆಂದು ನೆನಪಾಗದೆ ಅವಳು ಕಲಿತದ್ದನ್ನೇ ಕಲಿಸಿದಳು. ಹುಡುಗಿ ಪಿಳಿಪಿಳಿ ನೋಡಿ, "ಇದು ಆಗ್ಲೇ ಬಂತಲ್ಲ ಟೀಚಲ್" ಅಂದಿತು. ಆ ಮಗುವಿನ 'ರ' ಇನ್ನೂ 'ಲ' ಆಗುತ್ತಿರುವುದು ಕೂಡ ಅವಳ ಕಿವಿಗೆ ಬೀಳಲಿಲ್ಲ. ಆಸ್ಪತ್ರೆಯ ಕೌಂಟರಿನ ಆಚೆ ಔಷಧಿ ವಿಭಾಗ, ಅದರಾಚೆ ರಕ್ತಪರೀಕ್ಷೆಯ ಕೋಣೆ. ಒಂದರಿಂದೊಂದಕ್ಕೆ ತಂತಿ ಎಳೆದಿರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ರೋಗಿಗಳ ನಡುವೆ ಓಡಾಡುವ ತಾನೇ ಮನೆ ಮನೆಗೆ ಜಾಡ್ಯ ಹೊತ್ತು ತಿರುಗಿದೆನಲ್ಲ ಎಂದು ಬೆವರಿದಳು.

ಹೊರಗೆ ಬಂದು ಮೈದುನನಿಗೆ ಫೋನ್ ಮಾಡಿದಳು.

"ಅಳಬೇಡಿ ಅತ್ತಿಗೆ. ಬರೆದಿದ್ದು ಬಹುಶಃ ಎಲ್ಲೂ ಹೋಗಿರಲ್ಲ, ಅಡಗಿಕೊಂಡಿರುತ್ತೆ. ಆದ್ರೆ ಚುಚ್ಚಿದ ಕಡೆಗೆಲ್ಲ ಈಗಲೇ ಹೇಳಿಬಿಡಿ. ತಡ ಮಾಡಿದಷ್ಟೂ ಹರಡುತ್ತೆ."

"ಆಸ್ಪತ್ರೇಲಿ ಹಾಕೋ ಹಾಗೇ ಇರ್ಲಿಲ್ಲ ಕಣೋ. ಹೇಳಿದ್ರೆ ಪಾಪ ಆ ಹುಡುಗಿ ತಲೆಗೆ ಬರುತ್ತೆ."

"ಅದಕ್ಕೆ ನಾನೇನು ಹೇಳ್ಲಿ ಅತ್ತಿಗೆ" ಅಂದ.

ವೃದ್ಧರ ಕೇಂದ್ರಕ್ಕೆ ಫೋನಿನಲ್ಲೇ ಹೇಳಿದಳು. ಅಲ್ಲಿನ ಮೇಲ್ವಿಚಾರಕರು, "ನಮ್ಮ ಕಂಪ್ಯೂಟರ್ ಕೆಟ್ಟು ಕೂತು ವಾರ ಆಯ್ತಮ್ಮಾ, ಅದಕ್ಕಿನ್ನೇನು ಬರುತ್ತೆ" ಎಂದು ನಕ್ಕರು. ಉಳಿದದ್ದು ಆಸ್ಪತ್ರೆ. ಮನೆ ಕಡೆಯ ಬಸ್ಸು ಮುಂದೆಯೇ ಬಂದು ನಿಂತಿತು, ಹೊರಟೂ ಹೋಯಿತು. ಅವಳು ರಸ್ತೆ ದಾಟಿ ಎದುರಿನ ಬಸ್ಸು ಹತ್ತಿದಳು.

ಕೌಂಟರಿನ ಗುಮಾಸ್ತೆ ಊಟದ ಡಬ್ಬಿ ತೊಳೆದು ಒರೆಸುತ್ತಿದ್ದಳು. ವಿಷಯ ಕೇಳುತ್ತಲೇ ಮುಖ ಬಿಳಿಚಿಕೊಂಡಿತು.

"ನಿಮ್ಮನ್ನ ನಂಬಿ ಕುರ್ಚಿ ಬಿಟ್ಕೊಟ್ಟೆನಲ್ಲ ಟೀಚರ್!"

"ತಪ್ಪಾಯ್ತಮ್ಮಾ. ನನಗೆ ಗೊತ್ತಿರ್ಲಿಲ್ಲ."

ಗುಮಾಸ್ತೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಸುಮ್ನಿದ್ಬಿಡಿ. ಇಲ್ಲಿ ಎಲ್ಲಾ ಸರಿಯಾಗೇ ನಡೀತಿದೆ. ನಾಳೆ ಏನಾದ್ರೂ ಆದ್ರೆ ಯಾರಿಂದ ಬಂತು ಅಂತ ಯಾರಿಗೆ ಗೊತ್ತಾಗುತ್ತೆ?"

ಟೀಚರಿಗೂ ಅದೇ ಬೇಕಿತ್ತು. ತಿರುಗಿ ಮನೆಗೆ ಹೋಗಿಬಿಡಲು ತುದಿಗಾಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಔಷಧಿ ಕಿಟಕಿಯ ಮುಂದೆ ನಿಂತಿದ್ದ ಮುದುಕರೊಬ್ಬರಿಗೆ ಒಳಗಿನವನು, "ತಾಳಿ ತಾತ, ಯಾಕೋ ಕಂಪ್ಯೂಟರ್ ನಿಧಾನ ಆಗಿದೆ" ಅಂದದ್ದು ಕೇಳಿಸಿತು. ಅವಳು ಚೀಲವನ್ನು ಅವುಚಿಕೊಂಡು ನೇರವಾಗಿ ಆಸ್ಪತ್ರೆಯ ಕಂಪ್ಯೂಟರ್ ತಂತ್ರಜ್ಞನ ಕೋಣೆಗೆ ನಡೆದಳು.

"ಬೆಳಿಗ್ಗೆ ಕೌಂಟರ್ ಕಂಪ್ಯೂಟರಿಗೆ ನನ್ನ ಪೆನ್ ಡ್ರೈವ್ ಹಾಕಿದ್ದೆ. ಅದರಲ್ಲಿ ವೈರಸ್ ಇದೆ. ಅಲ್ಲಿ ಯಾರೂ ಇರ್ಲಿಲ್ಲ, ಕೇಳದೆ ಹಾಕ್ದೆ."

ಹುಟ್ಟಿದಂದಿನಿಂದ ನೆಟ್ಟಗೊಂದು ಸುಳ್ಳು ಹೇಳಲು ಬಾರದವಳು ಇಷ್ಟನ್ನು ಒಂದೇ ಉಸಿರಿಗೆ ಹೇಳಿದ್ದಳು. ಹಿಂದಿನಿಂದ ದನಿ ಕೇಳಿತು.

"ನಾನಿದ್ದೆ. ನಾನೇ ಹಾಕ್ಕೊಳ್ಳಿ ಅಂದಿದ್ದು."

ಗುಮಾಸ್ತೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಡಬ್ಬಿಯ ಮುಚ್ಚಳ ಇನ್ನೂ ಹಾಗೇ ಇತ್ತು.

ತಂತ್ರಜ್ಞ ಎದ್ದುಹೋಗಿ ಮೊದಲು ಕಂಪ್ಯೂಟರುಗಳ ನಡುವಿನ ತಂತಿ ಕಿತ್ತ. ಕೌಂಟರಿನ ಕಂಪ್ಯೂಟರಿಗೆ ಜಾಡ್ಯ ಹತ್ತಿತ್ತು. ಔಷಧಿ ವಿಭಾಗದ್ದಕ್ಕೆ ಹತ್ತಿರಲಿಲ್ಲ, ಅದು ಹಳೆಯದಾಗಿ ಸುಮ್ಮನೆ ನಿಧಾನವಾಗಿತ್ತು. ಸಂಜೆಯವರೆಗೆ ಚೀಟಿಗಳನ್ನು ಕೈಯಲ್ಲೇ ಬರೆದರು. ಸಾಲು ಮೆಟ್ಟಿಲಿನವರೆಗೆ ಬೆಳೆದು ಜನ ಗೊಣಗಿದರು. ಟೀಚರ್ ಕೌಂಟರಿನ ಪಕ್ಕ ನಿಂತು ಚೀಟಿ ಹರಿದು ಹರಿದು ಕೊಟ್ಟಳು.

"ಇದರಿಂದ ಅದಕ್ಕೆ ಬಂತೋ, ಅದರಿಂದ ಇದಕ್ಕೆ ಬಂತೋ?" ಎಂದು ಕೊನೆಗೆ ಹೆದರುತ್ತಲೇ ಕೇಳಿದಳು.

"ನೆಗಡಿ ಇದ್ದ ಹಾಗೆ ಮೇಡಂ. ಯಾರಿಂದ ಯಾರಿಗೆ ಅಂತ ಹೇಳೋದು ಕಷ್ಟ" ಎಂದ ತಂತ್ರಜ್ಞ. ಪೆನ್ ಡ್ರೈವಿನ ವೈರಸ್ ತೊಳೆದು ಕೊಟ್ಟ. ಬರೆದದ್ದೆಲ್ಲ ಒಳಗೇ ಅಡಗಿತ್ತು, ಒಂದಕ್ಷರವೂ ಹೋಗಿರಲಿಲ್ಲ. ಅದನ್ನು ಕಂಡು ಅವಳಿಗೆ ಸಂತೋಷಪಡಲೂ ನಾಚಿಕೆಯಾಯಿತು.

ಮೇಲಧಿಕಾರಿ ಇಬ್ಬರನ್ನೂ ನಿಲ್ಲಿಸಿ ಬೈದರು. ಗುಮಾಸ್ತೆಗೆ ಲಿಖಿತ ಎಚ್ಚರಿಕೆ ಬಂತು. ಟೀಚರಿಗೆ ಗಾಲಿಕುರ್ಚಿಗಳನ್ನಿಡುವ ಕೋಣೆಯಲ್ಲಿ, ಬೇರಾವ ಕಂಪ್ಯೂಟರಿಗೂ ತಂತಿ ಎಳೆಯದ ಹಳೆಯ ಕಂಪ್ಯೂಟರೊಂದನ್ನು ಕೊಟ್ಟರು. ದಂಡನೆಯೆಂದು ಕೊಟ್ಟದ್ದು ಅವಳ ಮೊದಲ ಸ್ವಂತ ಮೇಜಾಯಿತು. ಮೈದುನ ಟಿಪ್ಪಣಿಗಳ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಮಾಡಿಟ್ಟ.

ಗುಮಾಸ್ತೆ ಮಾತ್ರ ಬಹಳ ದಿನ ಅವಳನ್ನು ಕಂಡರೂ ಕಾಣದಂತೆ ಚೀಟಿ ಬರೆಯುತ್ತಿದ್ದಳು. ಟೀಚರ್ ದಿನವೂ ಕೌಂಟರಿನ ಮುಂದೆ ಸುಳಿದು, ಏನೋ ಹೇಳಲು ಬಾಯಿ ತೆರೆದು, ಹಾಗೇ ಹೋಗುವಳು. ಊರಿಗೆಲ್ಲ ಮಾತು ಕಲಿಸುವವಳಿಗೆ ಆ ಒಂದು ಮಾತು ಹೊರಡಲಿಲ್ಲ. ಕೊನೆಗೊಂದು ದಿನ ಗುಮಾಸ್ತೆಯೇ ತಲೆಯೆತ್ತದೆ ಕೇಳಿದಳು.

"ಏನ್ ಟೀಚರ್, ಇವತ್ತು ಎಲ್ಲೂ ಏನೂ ಚುಚ್ಚಿಲ್ಲ ತಾನೆ?"

"ಇಲ್ಲಮ್ಮಾ, ಇಲ್ಲ!" ಎಂದು ಅವಳು ನಕ್ಕಳು. ಇಬ್ಬರೂ ನಕ್ಕರು. ಹೊರಬಾಗಿಲು ದಾಟಿದ ಮೇಲೆ ಅವಳಿಗೇಕೋ ಅನುಮಾನ ಬಂದು, ನಿಜವಾಗಿಯೂ ಇಲ್ಲ ತಾನೆ ಎಂದು ತಿರುಗಿ ಒಳಗೆ ಹೋಗಿ ನೋಡಿಕೊಂಡು ಬಂದಳು.