ಕೃಷ್ಣವೇಣಿ ಕುಡಿದ ಮೊದಲ ಲೋಟ

ಕೃಷ್ಣವೇಣಿ ಟೀಚರ್ ಕೆಟ್ಟವಳು ಎಂದು ಯಾರಾದರೂ ನಾಗಪುರದಲ್ಲಿ ಹೇಳಿ ನೋಡಲಿ, ಅವರ ಮೇಲೆ ಜಗಳಕ್ಕೆ ಬರುವವರು ಹತ್ತು ಕಡೆಯಿಂದ ಬರುತ್ತಾರೆ. ಓದಿಸಿದ ಮಕ್ಕಳು, ಆ ಮಕ್ಕಳ ತಾಯಂದಿರು, ಕನ್ನಡ ಸಂಘದವರು, ಎಲ್ಲರೂ. ಶಾಲೆಯ ಹಿಂದಿನ ವಸ್ತಿಯ, ಅಂದರೆ ಬಡವರ ಕೇರಿಯ, ಹೆಂಗಸರು ಮಾತ್ರ ಆಗ ಸುಮ್ಮನಿರುತ್ತಾರೆ. ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಅದು ಯಾಕೆ ಎಂಬುದೇ ಈ ಕಥೆ.

ಅವಳು ಧಾರವಾಡದ ಮಾಳಮಡ್ಡಿಯ ಹುಡುಗಿ. ತಂದೆ ಮಾಸ್ತರರು, ಮನೆ ತುಂಬ ಮಡಿ. ನರಹರಿಯನ್ನು ಮದುವೆಯಾಗಿ ನಾಗಪುರಕ್ಕೆ ಬಂದಾಗ ಕೈಯಲ್ಲಿ ಬಿ.ಎ. ಇತ್ತು, ಬಾಯಲ್ಲಿ ಹರಕು ಮುರುಕು ಮರಾಠಿ. ಗಂಡ ಕೇಂದ್ರ ಸರಕಾರದ ಆಫೀಸಿನಲ್ಲಿ ಗುಮಾಸ್ತ. ಹೊತ್ತಿಗೆ ಸರಿಯಾಗಿ ಊಟ, ಸಂಜೆ ರೇಡಿಯೋ, ಅಷ್ಟಾದರೆ ಸಾಕು ಎನ್ನುವ ಮನುಷ್ಯ. ಅವಳಿಗೆ ಅಷ್ಟು ಸಾಕಾಗಲಿಲ್ಲ. ಬಿ.ಎಡ್. ಮುಗಿಸಿ, ಕಾಮಠಿ ರಸ್ತೆಯ ಕಡೆಗಿನ ಒಂದು ಮರಾಠಿ ಶಾಲೆ ಸೇರಿದಳು. ಇತಿಹಾಸ, ಭೂಗೋಳ ಅವಳ ವಿಷಯ. ಮೊದಮೊದಲು ಅವಳ ಮರಾಠಿಗೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಮೇಲಾಮೇಲೆ ಅವಳ ಪಾಠಕ್ಕೆ ಪಕ್ಕದ ತರಗತಿಯವರೂ ಕಿಟಕಿಗೆ ಕಿವಿ ಕೊಡತೊಡಗಿದರು. ಮಹಾಡದ ಕೆರೆಯ ಪಾಠ ಬಂತೆಂದರೆ ಮುಗಿಯಿತು. ದಲಿತರು ನೀರು ಮುಟ್ಟಿದರೆಂದು ಆ ಕೆರೆಗೆ ಗಡಿಗೆಗಟ್ಟಲೆ ಗಂಜಲ, ಸಗಣಿ ಸುರಿದು ಶುದ್ಧಿ ಮಾಡಿದ ಸಂಗತಿಯನ್ನು ಹೇಳುತ್ತ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ನಾಟಕವಲ್ಲ, ನಿಜವಾದ ಕಣ್ಣೀರೇ.

ಎಂಬತ್ತರ ದಶಕದ ನಡುವಿನ ಒಂದು ವರ್ಷ. ನೀರಿನ ಸಂರಕ್ಷಣೆಗೆ, ಶಾಲೆಗಳಲ್ಲಿ ಪರಿಸರದ ಪಾಠಕ್ಕೆ ಮುಂಬೈಯ ಒಂದು ದತ್ತಿ ಸಂಸ್ಥೆ ಅನುದಾನ ಕೊಡುತ್ತದೆ ಎಂದು ಸುದ್ದಿ ಬಂತು. ‘ಪರಿಸರ ಅಂದರೆ ನಾಲ್ಕು ಗಿಡ ನೆಟ್ಟು ಫೋಟೋ ತೆಗೆಸೋದು’ ಎಂದು ಹೆಡ್ ಮಾಸ್ತರರು ಮೂಗು ಮುರಿದರು. ಕೃಷ್ಣವೇಣಿ ಬಿಡಲಿಲ್ಲ. ಶಾಲೆಯ ಹಿಂದಿನ ವಸ್ತಿಯಲ್ಲಿ ನಾಗಪುರವನ್ನು ಆಳಿದ ಭೋಸಲೆಯವರ ಕಾಲದ ಕಲ್ಲು ಕಟ್ಟಿದ ಬಾವಿ ಇತ್ತು. ಇತ್ತು ಎನ್ನುವುದಷ್ಟೇ; ಅರ್ಧಕ್ಕಿಂತ ಹೆಚ್ಚು ಕಸ ತುಂಬಿ ಸತ್ತುಹೋಗಿತ್ತು. ಏಪ್ರಿಲ್ ಬಂದರೆ ವಸ್ತಿಯ ನಲ್ಲಿ ಉಸಿರು ಬಿಡುತ್ತಿತ್ತೇ ಹೊರತು ನೀರು ಬಿಡುತ್ತಿರಲಿಲ್ಲ. ಹೆಂಗಸರು ಟ್ಯಾಂಕರಿಗೆ ಕಾದು, ಜಡೆ ಹಿಡಿದು ಜಗಳಾಡಿ, ಅರ್ಧ ಕೊಡ ಹೊತ್ತು ಮನೆಗೆ ಹೋಗುತ್ತಿದ್ದರು. ಆ ಬಾವಿಯ ಹೂಳು ತೆಗೆಸಬೇಕು, ಮಳೆನೀರು ಅದಕ್ಕೆ ಇಂಗುವಂತೆ ಗುಂಡಿ ತೋಡಿಸಬೇಕು, ಮಕ್ಕಳಿಗೆ ಅದರ ಕಟ್ಟೆಯ ಮೇಲೆಯೇ ನೀರಿನ ಪಾಠ ಹೇಳಬೇಕು ಎಂದು ಅವಳು ಬರೆದು ಕಳಿಸಿದಳು. ಅನುದಾನ ಸಿಕ್ಕಿತು.

ಆ ವಸ್ತಿ ಪೂರ್ತಿ ಬೌದ್ಧರಾದ ದಲಿತರದು. ಹಿಂದಿನ ತಲೆಮಾರಿನಲ್ಲೇ ದೀಕ್ಷೆ ತೆಗೆದುಕೊಂಡು ದೇವರು, ಪೂಜೆ, ಭಟ್ಟರು ಎಲ್ಲಕ್ಕೂ ಕೈಮುಗಿದು ಹೊರಬಂದವರು. ಮನೆಮನೆಯಲ್ಲೂ ಬಾಬಾಸಾಹೇಬರ ಫೋಟೋ. ಹತ್ತಿ ಗಿರಣಿಯಲ್ಲಿ ಕೆಲಸ ಮಾಡುವ ಚಂಪಾ ಅಲ್ಲಿನ ಹೆಂಗಸರಿಗೆಲ್ಲ ಮುಂದಾಳು. ಅವಳ ಮಗಳು ಸಂಘಮಿತ್ರಾ ಕೃಷ್ಣವೇಣಿಯ ತರಗತಿಯಲ್ಲೇ ಇದ್ದಳು. ಬಾವಿಯ ಮಾತೆತ್ತಿದಾಗ ಮೊದಲು ಅಡ್ಡ ನಿಂತವಳೂ ಚಂಪಾನೇ. ಅವಳು ಆಡಿದ್ದು ಮರಾಠಿ; ಟೀಚರನ್ನು ಅಲ್ಲಿಯವರು ‘ಬಾಈ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ:

“ಬಾಈ, ಮೈ ಮುರದು ನಾವು ಹೂಳ ತೆಗೀತೀವಿ. ನಾಳೆ ಆ ನೀರು ಕುಡಿಯೋ ಹಂಗ ಇರತೈತಿ ಅಂತ ಯಾರ ಹೇಳಬೇಕು?”

“ನಾ ಹೇಳ್ತೀನಲ್ಲ! ಎಲ್ಲಾರ ಮುಂದ ಮೊದಲನೇ ಲೋಟ ನಾನಽ ಕುಡೀತೀನಿ” ಎಂದುಬಿಟ್ಟಳು ಕೃಷ್ಣವೇಣಿ.

ಹೆಂಗಸರು ಚಪ್ಪಾಳೆ ತಟ್ಟಿದರು. ಮರುವಾರವೇ ಸೆರಗು ಸಿಕ್ಕಿಸಿ ಇಳಿದರು. ಚಳಿಗಾಲವೆಲ್ಲ ಬುಟ್ಟಿ ಬುಟ್ಟಿ ಕೆಸರು ಮೇಲೆ ಬಂತು. ಮಕ್ಕಳು ಮಳೆನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ವಸ್ತಿಯ ನಕ್ಷೆ ಬರೆದರು. ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಸೆಲೆ ಒಡೆಯಿತು. ಕೆಲವು ದಿನದಲ್ಲಿ ನೀರು ತಿಳಿಯಾಯಿತು, ಪರೀಕ್ಷೆಯಲ್ಲೂ ಪಾಸಾಯಿತು. ಮುಂಬೈಯ ಸಾಹೇಬರು ಬಂದು ಬಾವಿ ತೆರೆಯುವ ದಿನ ಗೊತ್ತಾಯಿತು.

ಅದರ ಹಿಂದಿನ ದಿನ ಸಂಜೆ ಕೃಷ್ಣವೇಣಿಗೆ ಅನ್ನ ಸೇರಲಿಲ್ಲ. ಭಾಷಣದ ಚಿಂತೆ ಎಂದು ಗಂಡನಿಗೆ ಹೇಳಿದಳು. ತನಗೂ ಹಾಗೆಯೇ ಹೇಳಿಕೊಂಡಳು. ಆಮೇಲೆ ಸೆರಗು ಹೊದ್ದು ವ್ಯಾಸರಾಜರ ಮನೆಗೆ ಹೋದಳು. ವ್ಯಾಸರಾಜರು ಬ್ಯಾಂಕಿನ ಕೆಲಸ ಮಾಡುತ್ತ, ಬಿಡುವಿನಲ್ಲಿ ಕನ್ನಡದವರ ಮನೆಗಳಲ್ಲಿ ಪೂಜೆ, ಶ್ರಾದ್ಧ ಮಾಡಿಸುತ್ತಿದ್ದವರು.

“ಆಚಾರ್ರ, ನಾಳೆ ಬರ್ರಿ. ಬಾವಿಗೆ ಪಂಚಗವ್ಯ ಹಾಕಿಕೊಡ್ರಿ. ಹೂಳು ತೆಗೆದ ಮ್ಯಾಲೆ ನಮ್ಮ ಕಡೆ ಹಾಕೋದಿಲ್ಲೇನು?”

“ಹಾಕ್ತಾರ ವೈನಿ. ಆದ್ರ ಅಲ್ಲೆ... ಆ ಮಂದಿ...”

“ಬಾವಿ ಅಂದ್ರ ಬಾವಿ. ಒಂದು ಶಾಸ್ತ್ರ ಅಷ್ಟ.”

ವ್ಯಾಸರಾಜರು ಪಾಪ, ಯಾರ ಮಾತಿಗೂ ಇಲ್ಲ ಎನ್ನುವವರಲ್ಲ. ಮರುದಿನ ಬೆಳಿಗ್ಗೆ ತಾಮ್ರದ ಚೊಂಬು ಹಿಡಿದು ಬಂದರು.

ವಸ್ತಿಯೇ ನೆರೆದಿತ್ತು. ಹೆಂಗಸರು ತಿಕ್ಕಿ ತೊಳೆದ ಕೊಡ ಹಿಡಿದು ನಿಂತಿದ್ದರು. ನೀಲಿ ಬಾವುಟ ಕಟ್ಟಿದ್ದರು, ಹುಡುಗಿಯರು ಹಾಡಿದರು. ಕೃಷ್ಣವೇಣಿ ಮಾತಾಡಿದಳು: ನೀರಿಗೆ ಜಾತಿ ಇಲ್ಲ, ಮಳೆ ಯಾರ ಮನೆ ಎಂದು ಕೇಳಿ ಬೀಳುವುದಿಲ್ಲ. ಅದಾದ ಮೇಲೆ ವ್ಯಾಸರಾಜರು ಮಂತ್ರ ಹೇಳುತ್ತ ಮುಂದೆ ಬಂದು ಗಂಜಲ, ಸಗಣಿ, ಹಾಲು, ಮೊಸರು, ತುಪ್ಪ ಬೆರೆಸಿದ ಚೊಂಬನ್ನು ಬಾವಿಗೆ ಬಗ್ಗಿಸಿದರು. ಹಾಡು ನಿಂತಿತು. ಕೃಷ್ಣವೇಣಿ ಆಮೇಲೆ ಸೇದಿದ ನೀರಿನ ಲೋಟ ಎತ್ತಿ ಗಟಗಟ ಕುಡಿದಳು. ಮುಂಬೈಯ ಸಾಹೇಬರು ಒಬ್ಬರೇ ಚಪ್ಪಾಳೆ ತಟ್ಟಿದರು.

ಬೇರೆ ಯಾರೂ ತಟ್ಟಲಿಲ್ಲ. ಚಂಪಾ ತನ್ನ ಖಾಲಿ ಕೊಡವನ್ನು ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ಹೊರಟಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳ ಹಿಂದೆ ಎಲ್ಲರೂ. ಬಿಸಿಲು ಜಾಸ್ತಿ, ಅದಕ್ಕೆ ಹೋದರು ಎಂದು ಸಾಹೇಬರಿಗೆ ಕೃಷ್ಣವೇಣಿಯೇ ವಿವರಣೆ ಕೊಟ್ಟಳು.

ಆ ದಿನದಿಂದ ಬಾವಿಯ ನೀರನ್ನು ಒಬ್ಬರೂ ಮುಟ್ಟಲಿಲ್ಲ. ಏಪ್ರಿಲ್ ಬಂತು. ನಲ್ಲಿ ಒಣಗಿತು. ಕಣ್ಣೆದುರಿಗೆ ತುಂಬಿದ ಬಾವಿ ಇಟ್ಟುಕೊಂಡು ಹೆಂಗಸರು ಮತ್ತೆ ಟ್ಯಾಂಕರಿನ ಹಿಂದೆ ಓಡತೊಡಗಿದರು. ಕೆಂಡದಂಥ ಬಿಸಿಲಲ್ಲಿ ಸಾಲಿನಲ್ಲಿ ನಿಂತ ಒಬ್ಬ ಬಸುರಿ ಕುಸಿದು ಬಿದ್ದಳು. ಶಾಲೆಯ ಕಿಟಕಿಯಿಂದ ಅದನ್ನೆಲ್ಲ ನೋಡುತ್ತ ಕೃಷ್ಣವೇಣಿಗೆ ಸಿಟ್ಟು ಬಂತು. ಇಷ್ಟು ಹಟವೇ ಈ ಜನಕ್ಕೆ! ತರಗತಿಯಲ್ಲಿ ಸಂಘಮಿತ್ರಾಳನ್ನು ಎಬ್ಬಿಸಿ ಕೇಳಿಯೇಬಿಟ್ಟಳು:

“ಏನವ್ವಾ, ಬಾವಿ ನೀರಿಗೆ ಏನ್ ಧಾಡಿ ಆಗೇದ? ಯಾಕ ಕುಡಿಯೂದಿಲ್ಲ ನೀವು?”

ಹುಡುಗಿ ತಲೆ ತಗ್ಗಿಸಿದಳು. ಆದರೆ ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ಅವಳಿಗೆ ಕಲಿಸಿದ್ದೂ ಈ ಟೀಚರೇ.

“ಬಾಈ, ಮಹಾಡದಾಗ ಮಾಡಿದ್ದನ್ನಽ ನಮ್ಮ ಬಾವಿಗೂ ಮಾಡಿದ್ರಲ್ಲ.”

ಅಯ್ಯೋ ಪುಣ್ಯಾತ್ಗಿತ್ತಿ, ವರ್ಷಕ್ಕೊಮ್ಮೆ ತಾನೇ ಅತ್ತು ಅತ್ತು ಹೇಳಿದ ಪಾಠ! ತರಗತಿಯ ಅಷ್ಟೂ ಕಣ್ಣು ಕೃಷ್ಣವೇಣಿಯ ಮೇಲಿತ್ತು. ‘ಕೂತ್ಕೋ’ ಎಂದಳು. ಹಲಗೆಯ ಕಡೆ ತಿರುಗಿ ನದಿಗಳ ಹೆಸರು ಬರೆಯತೊಡಗಿದಳು. ಕನ್ಹಾನ್ ಎಂದು ಬರೆದವಳಿಗೆ ಮುಂದಿನದು ನೆನಪಾಗಲಿಲ್ಲ. ಗಂಟೆ ಬಾರಿಸುವತನಕ ಹಾಗೆಯೇ ಬೆನ್ನು ಹಾಕಿ ನಿಂತಳು.

ಮನೆಗೆ ಬಂದು ನರಹರಿಗೆ ಎಲ್ಲ ಹೇಳಿದಳು. ಅವನು ಚಹಾ ಕುಡಿಯುತ್ತಲೇ ದಾರಿ ತೋರಿಸಿದ.

“ಅದಕ್ಯಾಕ ಇಷ್ಟು ಮಾರಿ ಸಣ್ಣ ಮಾಡ್ಕೋತಿ, ವೇಣಿ? ಆಚಾರ್ರಿಗೆ ತಿಳೀಲಿಲ್ಲ, ಹಾಕಿಬಿಟ್ರು ಅನ್ನು. ಆ ಮನುಷ್ಯಾಗ ಹೆಂಗೂ ಹುಬ್ಬಳ್ಳಿಗೆ ವರ್ಗ ಆಗೇದ. ಅವರೇನ್ ಅಲ್ಲಿಂದ ಕೇಳ್ಲಿಕ್ಕೆ ಬರ್ತಾರೇನು?”

ಚಲೋ ಉಪಾಯ. ರಾತ್ರಿಯೆಲ್ಲ ಅದಕ್ಕೆ ಅವಳು ಮಾತು ಜೋಡಿಸಿಕೊಂಡಳು. ಮರುದಿನ ಶಾಲೆ ಬಿಟ್ಟ ಮೇಲೆ ವಸ್ತಿಗೆ ಹೋದಳು. ಚಂಪಾ ಗಿರಣಿಯಿಂದ ಆಗಷ್ಟೇ ಬಂದಿದ್ದಳು. ಬಾವಿಯ ಕಟ್ಟೆಯ ಹತ್ತಿರ ನಾಲ್ಕು ಹೆಂಗಸರು ಸೇರಿದರು, ನಾಲ್ಕು ಹೋಗಿ ಹತ್ತಾಯಿತು. ಸಂಘಮಿತ್ರಾ ಕೂಡ ಬಂದು ನಿಂತಳು.

“ನಮ್ಮ ಆಚಾರ್ರಿಗೆ ತಿಳೀಲಿಲ್ಲ, ಚಂಪಾ. ಊರ ಕಡೆ ಹಿಂಗ ಮಾಡ್ತಾರಂತ...”

“ಅವರನ್ನ ಕರದಾವರು ಯಾರು, ಬಾಈ?”

“...ನಾನು.”

“ಯಾಕ?”

“ಬಾವಿ ಶುದ್ಧ ಆಗ್ಲಿ ಅಂತ. ಎಷ್ಟು ವರ್ಷದ ಕಸ ಇತ್ತಲ್ಲ, ಅದಕ್ಕ.”

“ಕಸ ನಾವು ತೆಗದಿದ್ದೆವು. ನೀರಿಗೆ ಪಾಸ್ ಅಂತ ಚೀಟಿ ನೀವಽ ಓದಿ ಹೇಳಿದ್ರಿ. ಮತ್ತ ಇನ್ನ ಏನ ಉಳದಿತ್ತು, ಶುದ್ಧ ಮಾಡಾಕ?”

ಚಂಪಾ ದನಿ ಏರಿಸಲಿಲ್ಲ. ಏರಿಸಿದ್ದರೆ ಕೃಷ್ಣವೇಣಿ ಅತ್ತು ತಪ್ಪಿಸಿಕೊಳ್ಳುತ್ತಿದ್ದಳೇನೋ. ಊರಿನ ಪದ್ಧತಿ, ಹಿರಿಯರು, ಶಾಸ್ತ್ರ, ಎಲ್ಲ ಮಾತೂ ನಾಲಿಗೆಯ ತುದಿಗೆ ಬಂದವು, ಒಂದನ್ನೂ ಆಡಲಾಗಲಿಲ್ಲ. ಅನ್ನ ಸೇರದ ಆ ಸಂಜೆ ಅವಳ ಕಣ್ಣೆದುರು ಬಂತು. ಭಾಷಣದ ಚಿಂತೆ ಎಂದುಕೊಂಡಿದ್ದು ಸುಳ್ಳು. ಇವರೆಲ್ಲ ಕೈಕಾಲು ಹಾಕಿ ಇಳಿದ ಬಾವಿಯ ನೀರು ಗಂಟಲಲ್ಲಿ ಇಳಿದೀತೇ, ವಾಂತಿ ಬಂದುಬಿಟ್ಟೀತೇ ಎಂದು ಹೆದರಿ ಅವಳು ಆಚಾರ್ಯರ ಬಾಗಿಲು ತಟ್ಟಿದ್ದಳು. ಆಗಲೂ ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ತನ್ನ ಮುಂದೆಯೇ ನಟಿಸಿದ್ದಳು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಎನ್ನುವಷ್ಟು ನಾಚಿಕೆಯಾಯಿತು. ಆದರೆ ಟ್ಯಾಂಕರಿನ ಸಾಲು ರಸ್ತೆಯಲ್ಲಿ ಕಾಣುತ್ತಲೇ ಇತ್ತು. ಅವಳು ಸುಮ್ಮನೆ ಮನೆಗೆ ಹೋದರೆ ಈ ಹೆಂಗಸರು ಬೇಸಿಗೆಯೆಲ್ಲ ಅಲ್ಲಿಯೇ ನಿಲ್ಲುವವರು.

“ನನಗಾಗಿ ಮಾಡಿಸಿದೆ” ಎಂದಳು. ಮಾತು ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. “ಕುಡೀತೀನಿ ಅಂತ ಮಾತು ಕೊಟ್ಟಿದ್ದೆ. ನೀವು ಮುಟ್ಟಿದ ನೀರು ಹಂಗಽ ಕುಡೀಲಿಕ್ಕೆ ನನ್ನ ಕಡೆಯಿಂದ ಆಗ್ತಿರಲಿಲ್ಲ. ಆಚಾರ್ರದು ತಪ್ಪಲ್ಲ. ನನ್ನದು.”

ಒಬ್ಬ ಮುದುಕಿ ಮುಖ ಆ ಕಡೆ ತಿರುಗಿಸಿದಳು. ಬೈಯಲಿ, ಯಾರಾದರೂ ಒಬ್ಬರು ಬೈದುಬಿಡಲಿ ಎಂದು ಕೃಷ್ಣವೇಣಿ ಕಾದಳು.

“ನಮಗ ಗೊತ್ತಿತ್ತು” ಎಂದಳು ಕೊನೆಗೆ ಚಂಪಾ. “ನಿಮ್ಮ ಬಾಯಿಲೆ ಬರಲಿ ಅಂತ ಇದ್ದೆವು. ಇಲ್ಲಾಂದ್ರ ನಾಳೆ ನೀವಽ ಮಕ್ಕಳಿಗೆ ಹೇಳ್ತಿದ್ರಿ, ವಸ್ತಿ ಮಂದಿಗೆ ನೀರಿನ ಬೆಲಿ ಗೊತ್ತಿಲ್ಲ ಅಂತ.” ಆಮೇಲೆ ಹೆಂಗಸರ ಕಡೆ ತಿರುಗಿದಳು. “ನಡೀರಿ, ಕೊಡ ತರ್‍ರಿ. ಬಾವಿ ನಮ್ಮದು. ನೀರು ಏನ ಪಾಪ ಮಾಡೈತಿ?”

ಮೊದಲ ಬಕೀಟು ಮೇಲೆ ಬಂತು, ರಾಟೆ ಗಡಗಡ ಸದ್ದು ಮಾಡಿತು. ಕೊಡಗಳು ತುಂಬಿದವು. ಹೆಂಗಸರು ತಂತಮ್ಮಲ್ಲಿ ಮಾತಾಡುತ್ತ, ನಗುತ್ತ ಹೊತ್ತುಕೊಂಡು ಹೋಗತೊಡಗಿದರು. ಕೃಷ್ಣವೇಣಿಯನ್ನು ಯಾರೂ ಹೋಗು ಎನ್ನಲಿಲ್ಲ, ಕೂತುಕೋ ಎಂದೂ ಅನ್ನಲಿಲ್ಲ. ಅವಳು ಇಕ್ಕಟ್ಟಾದ ಓಣಿಯ ಬಾಯಲ್ಲೇ ನಿಂತಿದ್ದಳು.

ಸಂಘಮಿತ್ರಾ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದಳು. ಟೀಚರ ಹತ್ತಿರ ಬಂದವಳು ನಿಂತು, ಕೊಡವನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿ, ಲಂಗವನ್ನು ಒತ್ತಿ ಹಿಡಿದು, ಗೋಡೆಗೆ ಅಂಟಿಕೊಂಡು ದಾಟತೊಡಗಿದಳು. ಒಂದು ಹನಿಯೂ ಆಚೆ ಸಿಡಿಯಬಾರದೆಂದು ಕೊಡದ ಬಾಯಿಗೆ ಅಂಗೈ ಮುಚ್ಚಿದ್ದಳು.

“ಬಾರವ್ವಾ, ಹಿಂಗಽ ಬಾ. ತಾಗಿದ್ರ ಏನೂ ಆಗೂದಿಲ್ಲ” ಎಂದಳು ಕೃಷ್ಣವೇಣಿ.

“ಇರಲಿ, ಬಾಈ” ಎಂದಳು ಹುಡುಗಿ ಬಹಳ ಮರ್ಯಾದೆಯಿಂದ. “ನಿಮ್ಮ ಸೀರಿಗೆ ಬೀಳತೈತಿ.”