ಟೈರಿನ ಮಾತಾಡದ ಮನೆ

ನಮ್ಮಣ್ಣನ ಬಾಯಿಗೆ ಬೀಗವಿಲ್ಲ. ಪಕ್ಕದ ಮನೆಯವರಿಗೆ ನೆಗಡಿಯಾದರೆ ಅವರು ಸೀನುವ ಮೊದಲೇ ಬೀದಿಗೆಲ್ಲ ಸುದ್ದಿ ಮುಟ್ಟಿಸುವ ಪೈಕಿ. ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು? ಬಾಯಿ ಮುಚ್ಚಿಕೊಂಡಿರುವುದು. ಕಂಪನಿಯವರು ಅದಕ್ಕೆ ಟೈರ್ ಎಂಜಿನಿಯರ್ ಎಂದು ಮರ್ಯಾದೆಯ ಹೆಸರು ಇಟ್ಟಿದ್ದಾರೆ, ಅಷ್ಟೆ.

ಅಣ್ಣ ಕೆಲಸ ಮಾಡುವ ದೊಡ್ಡ ರೇಸಿನಲ್ಲಿ ಎಲ್ಲ ಟೀಮುಗಳಿಗೂ ಟೈರು ಒದಗಿಸುವುದು ಒಂದೇ ಕಂಪನಿ. ಟೀಮಿನವರು ಅದನ್ನು ಕೊಯ್ದು ನೋಡುವಂತಿಲ್ಲ, ಮನೆಗೊಯ್ಯುವಂತಿಲ್ಲ. ರೇಸ್ ಮುಗಿದ ಮೇಲೆ ಸವೆದದ್ದನ್ನೂ ಸವೆಯದ್ದನ್ನೂ ಕಂಪನಿಗೇ ಒಪ್ಪಿಸಬೇಕು. ಜೊತೆಗೆ ಒಂದೊಂದು ಟೀಮಿನ ಗ್ಯಾರೇಜಿನಲ್ಲೂ ಕಂಪನಿಯವನೊಬ್ಬ ಇರುತ್ತಾನೆ. ಟೈರಿನಲ್ಲಿ ಗಾಳಿ ಎಷ್ಟಿದೆ, ಬಿಸಿ ಎಷ್ಟಾಗಿದೆ ಎಂದು ನೋಡುವುದು ಅವನ ಕೆಲಸ. ನೋಡುತ್ತಾ ನೋಡುತ್ತಾ ಆ ಟೀಮಿನ ಗುಟ್ಟೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಕಂಡದ್ದನ್ನು ಅಲ್ಲೇ ನುಂಗಿಕೊಂಡು ಮನೆಗೆ ಬರಬೇಕು. ಅಂಥವರಲ್ಲಿ ನಮ್ಮಣ್ಣನೂ ಒಬ್ಬ.

ಸಾಲದ್ದಕ್ಕೆ ಅವನು ಮೆಚ್ಚಿ ಮದುವೆಯಾದದ್ದು ಯಾರನ್ನು? ಅವನಿರುವ ಗ್ಯಾರೇಜಿನ ಎದುರಾಳಿ ಟೀಮಿನಲ್ಲಿ ಕಾರು ಡಿಸೈನ್ ಮಾಡುವ ಎಂಜಿನಿಯರನ್ನು. ಮದುವೆಗೆ ಮುಂಚೆ ಎರಡೂ ಕಡೆಯ ಹಿರಿಯರು ಕೂರಿಸಿಕೊಂಡು ಮಾತಾಡಿದರು. ಹಿರಿಯರೆಂದರೆ ಅಪ್ಪ ಅಮ್ಮಂದಿರಲ್ಲ, ಆಫೀಸಿನ ಮೇಲಧಿಕಾರಿಗಳು. ಒಂದೇ ಒಂದು ಮಾತು ಆಚೀಚೆಯಾದರೂ ಇಬ್ಬರ ಕೆಲಸವೂ ಹೋಗುತ್ತದೆ ಎಂದು ಹರಸಿ ಕಳಿಸಿದರು. ಹಾಗಾಗಿ ಅತ್ತಿಗೆ ಮನೆಗೆ ಬಂದ ದಿನವೇ ಕಾನೂನು ಮಾಡಿದರು: ಹೊಸಿಲು ದಾಟಿದ ಮೇಲೆ ಟೈರಿನ ಮಾತಿಲ್ಲ, ಕಾರಿನ ಮಾತಿಲ್ಲ.

ನಾನು ಅಣ್ಣನ ತಂಗಿ, ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ರೇಸಿಗೆ ಮುಂಚೆ ಟೈರುಗಳು ಬೆಚ್ಚಗಿರಲಿ ಎಂದು ಸುತ್ತುವ ಕರೆಂಟಿನ ಹೊದಿಕೆಗಳನ್ನು ಹೊಲಿಯುವುದು ನನ್ನ ಕೆಲಸ. ಹೆತ್ತ ಮಕ್ಕಳಿಗೂ ಯಾರೂ ಅಷ್ಟು ಮುತುವರ್ಜಿಯಿಂದ ಹೊದಿಸುವುದಿಲ್ಲ. ಹೀಗೆ ಮೂವರ ಹೊಟ್ಟೆ ತುಂಬುವುದೂ ಟೈರಿನಿಂದಲೇ. ಊಟಕ್ಕೆ ಕೂತರೆ ಮಾತ್ರ ಪರದೆಯ ಬಣ್ಣ, ಸೋರುವ ನಲ್ಲಿ, ಎದುರುಮನೆಯ ನಾಯಿ, ಇಷ್ಟೇ ಮಾತು. ಆ ನಾಯಿಯ ಬಗ್ಗೆ ಅದರ ಯಜಮಾನನಿಗೂ ಗೊತ್ತಿಲ್ಲದ ಸಂಗತಿಗಳು ನಮ್ಮ ಮನೆಯಲ್ಲಿ ಚರ್ಚೆಯಾಗಿವೆ.

ಆ ವರ್ಷ ಅತ್ತಿಗೆ ತಮ್ಮ ವಿಭಾಗದ ಮುಖ್ಯಸ್ಥೆಯಾದರು. ಮುಂದಿನ ವರ್ಷದ ಕಾರಿನ ಮುಂಭಾಗದ ಸಸ್ಪೆನ್ಷನ್, ಅಂದರೆ ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ತೋಳುಗಳು, ಪೂರ್ತಿ ಅವರದೇ ಡಿಸೈನು. ಜೋರಾಗಿ ತಿರುಗುವಾಗ ಟೈರಿನ ಪಕ್ಕೆ ಒಂದಿಷ್ಟು ಬಾಗುತ್ತದಂತೆ. ಮಿಕ್ಕವರೆಲ್ಲ ಅದನ್ನು ಪೀಡೆ ಎಂದು ಬೈದುಕೊಳ್ಳುತ್ತಿದ್ದರೆ, ಅತ್ತಿಗೆ ಆ ಬಾಗುವುದನ್ನೇ ನೆಚ್ಚಿಕೊಂಡು ತೋಳುಗಳನ್ನು ಜೋಡಿಸಿದ್ದರು. ಟೈರು ಬಾಗಿದಷ್ಟೂ ಕಾರು ನೆಲ ಕಚ್ಚಿ ಹಿಡಿಯಬೇಕು. ಗೆದ್ದರೆ ದೊಡ್ಡ ಹೆಸರು, ಸೋತರೆ ಹೊಸ ಕುರ್ಚಿಗೆ ಸಂಚಕಾರ. ತೋಳು ಕೂರುವ ಜಾಗ ಕಾರಿನ ಮೈಯ ಅಚ್ಚಿನಲ್ಲೇ ಇರುವುದರಿಂದ, ಅಚ್ಚು ಆದ ಮೇಲೆ ತಿದ್ದುವ ಮಾತೇ ಇಲ್ಲ. ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನದಿದ್ದರೂ, ಆ ಟೀಮು ಮೆತ್ತನೆಯ ಟೈರನ್ನು ನಂಬಿ ಕೂತಿದೆ ಎಂದು ಗ್ಯಾರೇಜುಗಳಲ್ಲೆಲ್ಲ ಗುಸುಗುಸು ಇತ್ತು.

ಅಷ್ಟರಲ್ಲಿ ಅಣ್ಣನ ಕಂಪನಿ ಮುಂದಿನ ವರ್ಷದಿಂದ ಟೈರಿನ ಪಕ್ಕೆಯನ್ನು ಗಟ್ಟಿ ಮಾಡಲು ನಿರ್ಧರಿಸಿತು. ಎಲ್ಲ ಟೀಮುಗಳಿಗೂ ಒಂದೇ ದಿನ ತಿಳಿಸುವವರೆಗೆ ಇದು ಹೊರಬೀಳಕೂಡದು. ಹೊಸ ಟೈರಿನ ಪರೀಕ್ಷೆಯ ಓಟದಲ್ಲಿದ್ದ ಅಣ್ಣನಿಗೆ ಮಾತ್ರ ಮೊದಲೇ ತಿಳಿಯಿತು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಬೇರೆಯವರಾಗಿದ್ದರೆ ಸಪ್ಪೆ ಮೋರೆ ಹಾಕಿಕೊಂಡು ಮೂಲೆ ಹಿಡಿಯುತ್ತಿದ್ದರು. ನಮ್ಮಣ್ಣ ಅತಿಬುದ್ಧಿವಂತ, ನಗುನಗುತ್ತಾ ಓಡಾಡತೊಡಗಿದ. ಬೆಳಗ್ಗೆ ಸಿಳ್ಳೆ, ಸಂಜೆ ಹಾಡು. ಯಾರೂ ಕೇಳದಿದ್ದರೂ "ಏನೂ ಇಲ್ಲಪ್ಪ, ನಾನಂತೂ ಆರಾಮಾಗಿದೀನಿ" ಅನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಮೆಟ್ಟಿಲಲ್ಲಿ ಅಡ್ಡಗಟ್ಟಿ ಕೇಳಿದೆ. "ಏನಾಗಿದ್ಯೋ ನಿಂಗೆ?"

"ಟೈರಿನ ವಿಷಯ ಕಣೆ. ಅವಳಿಗೆ ಹೊಡೆತ ಬೀಳುತ್ತೆ. ಇದಕ್ಕಿಂತ ಜಾಸ್ತಿ ಕೇಳ್ಬೇಡ."

"ಹಾಗಿದ್ರೆ ಹೇಳ್ಬಿಡೋ. ಕಟ್ಕೊಂಡ ಹೆಂಡ್ತಿ ತಾನೆ?"

"ಮಿಕ್ಕ ಟೀಮಿನವರಿಗೂ ಹೆಂಡ್ತಿ ಮಕ್ಕಳಿದಾರೆ ಕಣೆ. ಅವ್ರೂ ನನ್ನ ನಂಬ್ಕೊಂಡಿದಾರಲ್ಲ" ಎಂದ. ಮುಖದ ಮೇಲೆ ಆ ಸುಳ್ಳು ನಗು ಇನ್ನೂ ಅಂಟಿಕೊಂಡೇ ಇತ್ತು. ನನಗೆ ಅಯ್ಯೋ ಅನಿಸಿತು.

ಅದೇ ವಾರ ಊಟದ ಹೊತ್ತಿಗೆ ಅತ್ತಿಗೆ, "ನಾಳೆ ನಾನು ಬೇಗ ಹೋಗ್ಬೇಕು. ಅಚ್ಚಿಗೆ ಸಹಿ ಹಾಕೋದಿದೆ" ಎಂದರು. ಕಾನೂನು ಮುರಿಯುವ ಉದ್ದೇಶ ಅವರಿಗಿರಲಿಲ್ಲ, ಬೆಳಗಿನ ಚಹಾ ಯಾರು ಮಾಡುವುದು ಎಂಬುದಷ್ಟೇ ಅವರ ಚಿಂತೆ. ಅಣ್ಣನ ಕೈಯಿಂದ ಚಮಚ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. "ತುಂಬಾ ಒಳ್ಳೇದು!" ಎಂದ. ಮತ್ತೆ, "ತುಂಬಾ ತುಂಬಾ ಒಳ್ಳೇದು!" ಎಂದು ನೀರಿನ ಲೋಟವನ್ನೂ ಉರುಳಿಸಿದ. ಅತ್ತಿಗೆ ಅವನನ್ನೇ ನೋಡಿದರು. ಆಮೇಲೆ ಮೇಜು ಒರೆಸುತ್ತಾ ಎದುರುಮನೆಯ ನಾಯಿ ಯಾಕೋ ಬಡಕಲಾಗಿದೆ ಎಂದರು. ಮಾರನೆಯ ದಿನ ಹೋಗಿ ಸಹಿ ಹಾಕಿ ಬಂದರು.

ಕಂಪನಿ ಎಲ್ಲರಿಗೂ ವಿಷಯ ತಿಳಿಸುವ ಹೊತ್ತಿಗೆ ಅಚ್ಚು ಸಿದ್ಧವಾಗಿತ್ತು. ಹೊಸ ವರ್ಷದ ರೇಸುಗಳಲ್ಲಿ ಅತ್ತಿಗೆಯ ಕಾರು ಎಣ್ಣೆ ಚೆಲ್ಲಿದ ನೆಲದ ಮೇಲೆ ಓಡಿದ ಹಾಗೆ ಜಾರಿತು. ಗಟ್ಟಿ ಟೈರು ಬಾಗಲೇ ಇಲ್ಲ, ಕಾರು ನೆಲ ಕಚ್ಚಲೇ ಇಲ್ಲ. ಕೊನೆಗೆ ಮುಖ್ಯಸ್ಥೆಯ ಕುರ್ಚಿಗೆ ಬೇರೆಯವರು ಬಂದರು. ಅತ್ತಿಗೆಗೆ ಕಾರಿನ ಪಕ್ಕದ ಕನ್ನಡಿಗಳನ್ನು ನಿಲ್ಲಿಸುವ ಕಂಬಿಗಳ ನಕ್ಷೆ ಬರೆಯುವ ಕೆಲಸ ಕೊಟ್ಟರು.

ಆ ಭಾನುವಾರ ಅತ್ತಿಗೆ ಬಟ್ಟೆ ಮಡಚುತ್ತಾ ಕೂತಿದ್ದರು, ನಾನು ಗುಂಡಿ ಹೊಲಿಯುತ್ತಿದ್ದೆ. ಅಣ್ಣ ಬಾಗಿಲಲ್ಲಿ ನಿಂತು, "ನಂಗೆ ಮೊದಲೇ ಗೊತ್ತಿತ್ತು" ಎಂದ.

"ನಂಗೂ ಗೊತ್ತಿತ್ತು ರೀ" ಎಂದರು ಅತ್ತಿಗೆ, ಕೈಯಲ್ಲಿದ್ದ ಅಂಗಿ ಮಡಚಿಟ್ಟು. "ಚಮಚ ಬಿದ್ದಾಗ್ಲೇ ಗೊತ್ತಾಯ್ತು, ಟೈರಲ್ಲಿ ಏನೋ ಬದಲಾಗ್ತಿದೆ ಅಂತ."

"ಮತ್ತೆ ಸಹಿ ಯಾಕೆ ಹಾಕ್ದೆ?"

"ಸಹಿ ಹಾಕದೇ ನಿಲ್ಸಿದ್ರೆ, ಯಾಕೆ ನಿಲ್ಸಿದ್ಲು ಅಂತ ಆಮೇಲೆ ಎಲ್ಲರೂ ಕೇಳ್ತಿದ್ರು. ನೀವು ಬಾಯಿ ಬಿಟ್ಟಿಲ್ಲ ಅಂದ್ರೆ ಯಾರು ನಂಬ್ತಿದ್ರು? ಅಲ್ದೆ ನಿಮ್ಮ ಮುಖ ನೋಡಿ ಕಾರು ತಿದ್ಕೊಂಡ್ರೆ, ಅದು ನಾನು ಮಾಡಿದ ಕಾರು ಆಗುತ್ತಾ?"

"ನಾನು ಈ ಕೆಲಸ ಬಿಟ್ಬಿಡ್ತೀನಿ. ನಾಳೆನೇ ಹೇಳ್ತೀನಿ" ಎಂದ ಅಣ್ಣ.

ಅಷ್ಟು ಹೊತ್ತೂ ಏರದ ಅತ್ತಿಗೆಯ ದನಿ ಆಗ ಏರಿತು.

"ನನ್ನ ಕುರ್ಚಿ ಕೊಟ್ಟು ಉಳಿಸ್ಕೊಂಡಿರೋ ಕೆಲಸ ಅದು. ಬಿಡೋಕೆ ನೀವ್ಯಾರು?"

ಅಣ್ಣ ಹೊಸಿಲ ಮೇಲೆ ಕುಸಿದು ಕೂತು ಅಳತೊಡಗಿದ. ಅತ್ತಿಗೆ ಮಡಚಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗಿ ಅವನ ಹತ್ತಿರ ಕೂತರು.