ಟುಬ್ಲಿಯಿಂದ ಸಖೀರಿಗೆ, ಒಂದು ಆಂಟೆನಾದ ಬೆನ್ನು ಹಿಡಿದು

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೂ ಫೆಲಿಕ್ಸನೂ ಟುಬ್ಲಿಯ ನಮ್ಮ ಗ್ಯಾರೇಜಿನಿಂದ ಪಿಕಪ್ಪಿನಲ್ಲಿ ಹೊರಟೆವು. ರಜೆಯ ದಿನವೇ. ಆದರೆ ನಮ್ಮ ಗಿರಾಕಿ ಅಬು ಯೂಸುಫರ ಫೋನು ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಅವರ ಕ್ಯಾಂಪರ್ ವ್ಯಾನಿನ ಮಾಡಿನ ಮೇಲೆ ನಾನೇ ಕೂರಿಸಿದ ಆಂಟೆನಾ ಸಖೀರಿನ ಮರಳುಗಾಡಿಗೆ ಹೋದ ಕೂಡಲೇ ಮೂಕವಾಗಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂಲ್ಕಿಯಲ್ಲಿ ಬಸ್ಸುಗಳ ವಯರಿಂಗ್ ಕಲಿತು ಬಹರೈನಿಗೆ ಬಂದೆ, ಹತ್ತೊಂಬತ್ತು ವರ್ಷವಾಯಿತು. ನಾನು ಕೈ ಹಾಕಿದ ಕೆಲಸ ವಾಪಸು ಬಂದದ್ದು ಬೆರಳೆಣಿಕೆಯಷ್ಟು. ಫೆಲಿಕ್ಸ್ ನಮ್ಮಲ್ಲಿ ಸೀಟು ಹೊಲಿಯುವವನು, ಮಂಗಳೂರಿನ ಕುಲಶೇಖರದ ಹುಡುಗ. ಪಿಕಪ್ ಅವನದು, ಬಾಯಿಯೂ ಅವನದೇ.

"ವಯರ್ ಗಿಡ್ಡ ಆಗಿರ್ಲಿಕ್ಕಿಲ್ಲ ಜಗ್ಗಣ್ಣ," ಎಂದ. "ನೀವು ಎರಡು ಮಾರು ಜಾಸ್ತಿಯೇ ಸುತ್ತಿ ಇಡ್ತೀರಲ್ಲ, ಉಪ್ಪಿನಕಾಯಿ ಹಾಕ್ಲಿಕ್ಕೆ."

ಅದು ನನ್ನ ಅಭ್ಯಾಸ. ಎಲ್ಲಿ ವಯರ್ ಎಳೆದರೂ ಎರಡು ಮಾರು ಒಳಗೆ ಸುತ್ತಿ ಬಿಡುತ್ತೇನೆ.

ಆ ವ್ಯಾನು ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಅದರಲ್ಲಿ ಸ್ಯಾಟಲೈಟ್ ರೇಡಿಯೋ ಮೊದಲೇ ಇತ್ತು. ಅದಕ್ಕೆ ಬೇಕಾದ ಉಪಗ್ರಹ ಮಾತ್ರ ಅಮೆರಿಕದ ಆಕಾಶದಲ್ಲಿ. ಇಲ್ಲಿ ಅದು ಬರೀ ಗಡಿಯಾರ. ಹಾಗಾಗಿ ಈ ಕಡೆಯ ಉಪಗ್ರಹದ ರೇಡಿಯೋ ಹಿಡಿಯುವ ಚಪ್ಪಟೆ ಆಂಟೆನಾ, ರಿಸೀವರ್ ಎರಡನ್ನೂ ಹೊಸದಾಗಿ ಹಾಕಿದ್ದೆ. ಅಬು ಯೂಸುಫರಿಗೆ ಇದು ಷೋಕಿಯಲ್ಲ. ಅವರ ತಂದೆಗೆ ಎಂಬತ್ತು ದಾಟಿದೆ, ಕಣ್ಣು ಹೆಚ್ಚುಕಡಿಮೆ ಹೋಗಿದೆ. ಹಳೆಯ ಕಡಲ ಹಾಡು ಹಾಕುವ ಒಂದು ಸ್ಟೇಷನ್ ಕಿವಿಯಲ್ಲಿದ್ದರೆ ಮಾತ್ರ ಅವರಿಗೆ ಸಮಾಧಾನ. ಪ್ರತಿ ಚಳಿಗಾಲ ಮನೆಯವರೆಲ್ಲ ಡೇರೆ ಹಾಕಿದಾಗ ಬರುತ್ತಾರೆ, ಎರಡು ಗಂಟೆ ಕೂರುತ್ತಾರೆ, ಮನೆಗೆ ಬಿಡಿ ಎನ್ನುತ್ತಾರೆ. "ಈ ಸಲ ಒಂದು ರಾತ್ರಿಯಾದರೂ ಅಪ್ಪ ನಮ್ಮ ಜೊತೆ ಇರಬೇಕು ಉಸ್ತಾದ್," ಎಂದಿದ್ದರು ಅಬು ಯೂಸುಫ್.

ರಿಫಾದಲ್ಲಿ ನೂರು ಫಿಲ್ಸಿನ ಕರಕ್ ಚಾ ಕುಡಿದು ಅವಾಲಿ ದಾಟಿದೆವು. ರಸ್ತೆಯ ಪಕ್ಕದಲ್ಲಿ ಎಣ್ಣೆ ಬಾವಿಯ ಯಂತ್ರಗಳು ತಲೆಯಾಡಿಸುತ್ತಲೇ ಇದ್ದವು. ಒಟ್ಟು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಗಾಳಿ ಮಾತ್ರ ಜೋರಾಗಿತ್ತು. ಜಾಕೆಟ್ಟಿನ ಜಿಪ್ಪು ಗಂಟಲಿನವರೆಗೆ ಏರಿತು.

ಸಖೀರಿನ ಡೇರೆಗಳನ್ನು ನೋಡಬೇಕು. ಗುಡಿಸಿ ನೀರು ಚಿಮುಕಿಸಿದ ಮರಳು, ಮೇಲೆ ಜಮಖಾನೆ, ಕೆಂಡದ ಮೇಲೆ ಗಹ್ವಾ ಕಾಫಿಯ ಕೂಜೆ, ಮಕ್ಕಳಿಗೆ ಉಯ್ಯಾಲೆ. ನಾಲ್ಕು ತಿಂಗಳಿಗೆಂದು ಕಟ್ಟಿದ್ದನ್ನು ನಲವತ್ತು ವರ್ಷ ಬಾಳುವ ಹಾಗೆ ಕಟ್ಟುತ್ತಾರೆ. ಯಾರೂ ಗೆರೆ ಎಳೆದು ಕೊಟ್ಟಿಲ್ಲ, ಆದರೂ ಎಲ್ಲ ಡೇರೆಗಳ ಬಾಗಿಲೂ ಒಂದೇ ಕಡೆಗೆ. ಅಬು ಯೂಸುಫರ ವ್ಯಾನಿನ ಬಾಗಿಲೂ ಅತ್ತಲೇ.

ಏಣಿ ಹತ್ತಿ ಮಾಡಿನ ಮೇಲೆ ನಿಂತಾಗ ನನಗೆ ತಿಳಿಯಿತು. ಉಪಗ್ರಹ ಇರುವುದು ನೈರುತ್ಯಕ್ಕೆ. ಗ್ಯಾರೇಜಿನಲ್ಲಿ ವ್ಯಾನಿನ ಮೂತಿ ನೈರುತ್ಯಕ್ಕಿತ್ತು. ಮಾಡಿಗೆ ಹೊಸ ತೂತು ಬೇಡವೆಂದು ಎಸಿ ಪೆಟ್ಟಿಗೆಯ ಮುಂದೆ ಅದರ ಬೋಲ್ಟಿಗೇ ಆಂಟೆನಾ ಬಿಗಿದು, ಎಸಿಯ ವಯರಿಳಿಯುವ ದಾರಿಯಲ್ಲೇ ನನ್ನದನ್ನೂ ಇಳಿಸಿದ್ದೆ. ಅದನ್ನು ನೆನೆದು ಎರಡು ದಿನ ಒಳಗೊಳಗೇ ಬೀಗಿದ್ದೆ ಕೂಡ. ಇಲ್ಲಿ ವಾಯವ್ಯದ ಶಮಾಲ್ ಗಾಳಿಗೆ ಬೆನ್ನು ಕೊಟ್ಟು ಬಾಗಿಲು ಇಡಬೇಕು. ಹಾಗೆ ಇಟ್ಟರೆ ಬಲಬದಿಗೆ ಬಾಗಿಲಿರುವ ಈ ವ್ಯಾನು ಮೂತಿ ಈಶಾನ್ಯಕ್ಕೆ ಮಾಡಿ ಉಲ್ಟಾ ನಿಲ್ಲುತ್ತದೆ, ಆಂಟೆನಾ ಎಸಿ ಪೆಟ್ಟಿಗೆಯ ಮರೆಗೆ ಬೀಳುತ್ತದೆ.

ವ್ಯಾನು ತಿರುಗಿಸೋಣ ಎಂದೆ. ಮರಳೆಲ್ಲ ಒಳಗೆ, ಅಪ್ಪ ಕೂರುವುದು ಆ ಬಾಗಿಲಲ್ಲೇ, ಸಾಧ್ಯವಿಲ್ಲ ಎಂದರು ಅಬು ಯೂಸುಫ್. ಹಿಂದಿನ ತುದಿಯಲ್ಲಿ ಹೊಸದಾಗಿ ಬಿಗಿಯೋಣವೆಂದರೆ ಮಾಡು ಕೊರೆಯಬೇಕು, ಹಚ್ಚಿದ ಸೀಲ್ ಒಣಗಲು ಒಂದು ದಿನ ಬೇಕು.

ನಾನು ಹೀಗೆ ಮೇಲೆ ಕೂತಿರುವಾಗಲೇ ನಮಾಜು ಮುಗಿಸಿ ಅಬು ಯೂಸುಫರ ತಂದೆ, ಎಲ್ಲರೂ ಹಜ್ಜಿ ಎಂದು ಕರೆಯುವವರು, ಬಂದರು. ಎಷ್ಟು ಹೊತ್ತು ಇರುತ್ತಾರೆಂದು ಗೊತ್ತಿದ್ದ ಡ್ರೈವರ್ ತನ್ನ ಬಿಳಿ ಕಾರಿನ ಇಂಜಿನ್ ಆರಿಸಲಿಲ್ಲ.

ಮಗ ಅರಬಿಯಲ್ಲಿ ಎಲ್ಲ ವಿವರಿಸಿದರು. ಹಜ್ಜಿ ತಲೆ ಎತ್ತಿ ಹಳೆಯ ಬಂದರುಗಳ ಹಿಂದಿಯಲ್ಲಿ ಕೇಳಿದರು: "ಯಾವ ಊರು ನಿನ್ನದು?"

"ಮಂಗಳೂರು ಕಡೆ, ಹಜ್ಜಿ."

"ಮಂಗಳೂರಿನ ಹಂಚು ಹೊತ್ತ ಹಡಗಿನಲ್ಲಿ ನಾನು ಎರಡು ಸಲ ಬಂದಿದ್ದೇನೆ. ಕಡಲಿನವನಾಗಿಯೂ ಗಾಳಿ ಯಾವುದೆಂದು ಕೇಳಲಿಲ್ಲವಾ?"

ಕೇಳಿರಲಿಲ್ಲ. ನಮ್ಮ ಅಪ್ಪ ದೋಣಿಯವರು. 

"ಸ್ಕ್ರೂ ಬೇಕೇ ಬೇಕಾ?" ಎಂದರು ಹಜ್ಜಿ.

"ಅಲುಗಬಾರದು, ಅಷ್ಟೇ."

ಅವರು ಮಗನ ತೋಳು ಹಿಡಿದು ವ್ಯಾನಿನ ಹಿಂದೆ ಬಂದು, ಕಬ್ಬಿಣದ ಏಣಿಯ ಮೆಟ್ಟಿಲುಗಳನ್ನು ತಡವಿ ನೋಡಿದರು. ಡೇರೆಯ ಒಂದು ಕಂಬ, ಹಗ್ಗ ತರಿಸಿದರು. ನಾನು ಆಂಟೆನಾ ಬಿಚ್ಚಿ ಕಂಬದ ತುದಿಗೆ ಬಿಗಿದೆ. ಸುತ್ತಿಟ್ಟಿದ್ದ ಎರಡು ಮಾರು ವಯರು ಮಾಡಿನ ಮೇಲೆ ಹರಿದು ಏಣಿಯವರೆಗೆ ಸರಿಯಾಗಿ ಬಂತು. ಫೆಲಿಕ್ಸನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಸಿಗ್ನಲ್ ಹುಡುಕುವ ನನ್ನ ಮೀಟರು ಕುಂಯ್‌ಗುಟ್ಟುತ್ತದೆ. ಸಿಗ್ನಲ್ ಬಲವಾದಂತೆ ಸ್ವರ ಏರುತ್ತದೆ. ನಾನು ಅದರ ಮುಳ್ಳು ನೋಡುತ್ತಾ ಏಣಿಗೆ ಒರಗಿಸಿದ ಕಂಬ ತಿರುಗಿಸುತ್ತಿದ್ದೆ. ಮುಳ್ಳು ನಿಲ್ಲುವ ಮೊದಲೇ ಹಜ್ಜಿ "ಬಸ್, ಸಾಕು" ಎಂದರು. ನಿಲ್ಲಿಸಿದೆ. ಅದೇ ಜಾಗ. ಆಮೇಲೆ ಆ ಕಣ್ಣಿಲ್ಲದ ಕೈಗಳು ಹಗ್ಗ ಸುತ್ತಿದ ರೀತಿಯನ್ನು ನಾನು ಬರೆದು ತೋರಿಸಲಾರೆ. ಎಂಟು ಸುತ್ತು, ನಡುವೆ ಅಡ್ಡ ಎರಡು ಸುತ್ತು, ಕೊನೆಗೆ ಹೆಬ್ಬೆರಳಿನಲ್ಲಿ ಒತ್ತಿದ ಒಂದು ಗಂಟು. ಎರಡು ಕೈಯಿಂದ ಜಗ್ಗಿದೆ. ಕಂಬ ಕದಲಲಿಲ್ಲ, ವ್ಯಾನೇ ಸ್ವಲ್ಪ ಓಲಾಡಿತು.

ರಿಸೀವರಿನಲ್ಲಿ ಅವರ ಸ್ಟೇಷನ್ ಹಿಡಿದೆ. ಡೋಲಿನ ಸದ್ದು, ಚಪ್ಪಾಳೆ, ಹತ್ತಾರು ಗಂಡಸರ ದಪ್ಪ ದನಿ. ಹಜ್ಜಿ ಬಾಗಿಲ ಮೆಟ್ಟಿಲ ಮೇಲೆ, ಗಾಳಿ ತಾಗದಲ್ಲಿ ಕೂತರು. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು.

ಹಮೂರ್ ಮೀನಿನ ಮಚ್ಬೂಸ್ ಅನ್ನ ಉಣ್ಣಿಸದೆ ನಮ್ಮನ್ನು ಬಿಡಲಿಲ್ಲ. ಒಂದೇ ದೊಡ್ಡ ತಟ್ಟೆ, ಸುತ್ತಲೂ ನಾವೆಲ್ಲ. ಮೀನಿನ ದೊಡ್ಡ ತುಂಡನ್ನು ಅಬು ಯೂಸುಫ್ ಮುರಿದು ನನ್ನ ಕಡೆಗೆ ದೂಡಿದರು. ನಾಲ್ಕು ಗಂಟೆಗೆ ಹೊರಟೆವು.

ಅವಾಲಿಯ ತಿರುವಿನಲ್ಲಿ ಹಿಂದಿನಿಂದ ಬಂದ ಒಂದು ಬಿಳಿ ಕಾರು ನಮ್ಮನ್ನು ದಾಟಿತು. ಹಜ್ಜಿಯ ಡ್ರೈವರ್. ನಮ್ಮನ್ನು ಗುರುತಿಸಿ ಕೈ ಎತ್ತಿದ. ನಾನು ಕತ್ತು ಚಾಚಿ ನೋಡಿದೆ. ಹಿಂದಿನ ಸೀಟು ಖಾಲಿ ಇತ್ತು.